ಕಾನೂನು ಕೈಕೊಟ್ಟಾಗ ಶಿಕ್ಷಿಸುವ ಹಕ್ಕು ನೊಂದವರಿಗೆ ಬರುತ್ತದೆಯೇ?

ಪ್ರಶ್ನೆ: ಒಬ್ಬ ವ್ಯಕ್ತಿ ವರ್ಷಗಟ್ಟಲೆ ಹಲವರಿಗೆ ಹಿಂಸೆ ಕೊಟ್ಟಿದ್ದಾನೆ ಎಂದುಕೊಳ್ಳಿ. ದೂರು ಕೊಡಲು ಹೋದರೆ ದಾಖಲಿಸಿಕೊಳ್ಳುವುದಿಲ್ಲ. ದಾಖಲಾದರೆ ಸಾಕ್ಷಿಗಳು ಹೆದರಿ ಮಾತು ಬದಲಿಸುತ್ತಾರೆ. ಹೇಗೋ ವಿಚಾರಣೆ ನಡೆದರೆ ಕೊನೆಗೆ ಖುಲಾಸೆ. ಇಂಥ ಕಡೆ ನೊಂದವರೇ ಅವನಿಗೆ ಶಿಕ್ಷೆ ಕೊಟ್ಟರೆ ಅದು ನೈತಿಕವಾಗಿ ತಪ್ಪೇ? ಕಾನೂನು ಏನೆನ್ನುತ್ತದೆ ಎಂಬುದು ಗೊತ್ತಿದೆ. ನೀತಿ ಏನೆನ್ನುತ್ತದೆ ಎಂದು ತಿಳಿಯಬೇಕು. ಹಾಗೆ ಮಾಡಿದವರನ್ನು ನಾವು ಹೇಗೆ ಕಾಣಬೇಕು?

ಉತ್ತರ: ವ್ಯವಸ್ಥೆ ಸೋತಾಗ ನೊಂದವರಿಗೆ ಹಲವು ಹಕ್ಕುಗಳು ಹುಟ್ಟುತ್ತವೆ. ಎದುರಿಗೆ ಬಂದ ಹಿಂಸೆಯನ್ನು ತಡೆಯುವುದು, ಒಟ್ಟಾಗಿ ಕಾವಲು ಕಾಯುವುದು, ಸಾಕ್ಷ್ಯ ಕೂಡಿಡುವುದು, ನಡೆದದ್ದನ್ನು ಬಯಲಿಗೆಳೆಯುವುದು, ಅಗತ್ಯ ಬಿದ್ದರೆ ಆಳುವವರ ಆಜ್ಞೆಯನ್ನು ಬಹಿರಂಗವಾಗಿ ಮೀರುವುದು, ಇವೆಲ್ಲವೂ ಆ ಹಕ್ಕಿನೊಳಗೆ ಬರುತ್ತವೆ. ಶಿಕ್ಷಿಸುವ ಹಕ್ಕು ಮಾತ್ರ ಬರುವುದಿಲ್ಲ. ಏಕೆಂದರೆ ಶಿಕ್ಷೆಗೆ ಮುಂಚೆ ಮುಗಿಯಬೇಕಾದ ಒಂದು ಕೆಲಸವಿದೆ: ಇವನೇ ಮಾಡಿದ್ದು, ಇಷ್ಟನ್ನೇ ಮಾಡಿದ್ದು ಎಂದು ಅವನ ಮಾತನ್ನೂ ಕೇಳಿ ನಿಶ್ಚಯಿಸುವುದು. ಆ ಕೆಲಸವನ್ನು ಗಾಯಗೊಂಡವರು ಒಂಟಿಯಾಗಿ ಮಾಡಲಾರರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ಎಷ್ಟೇ ನ್ಯಾಯವಾಗಿದ್ದರೂ ಅದರಿಂದ ಸಾಕ್ಷ್ಯ ಹೆಚ್ಚಾಗುವುದಿಲ್ಲ.

ಈ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲೇ ಬಹಳ ನಿಖರವಾಗಿ ತೋರಿಸಿದ್ದಾನೆ. ದಾರಿಯಲ್ಲಿ ಕತ್ತಿ ಹಿರಿದು ಅಡ್ಡಗಟ್ಟಿದ ದರೋಡೆಕೋರನನ್ನು ನಾನು ಕೊಲ್ಲಬಹುದು, ನನ್ನ ಕಿಸೆಯಲ್ಲಿ ಹನ್ನೆರಡು ಪೆನ್ನಿ ಕೂಡ ಇಲ್ಲದಿದ್ದರೂ ಸರಿ. ಇನ್ನೊಬ್ಬನ ಕೈಯಲ್ಲಿ ನಾನೇ ನೂರು ಪೌಂಡು ಕೊಟ್ಟು, ಅವನು ಹಿಂದಿರುಗಿಸದೆ ದಕ್ಕಿಸಿಕೊಂಡರೆ, ನಷ್ಟ ಎಷ್ಟೋ ಪಟ್ಟು ದೊಡ್ಡದಾದರೂ ಅವನನ್ನು ಕೊಲ್ಲುವಂತಿಲ್ಲ. ಲಾಕ್ ಕೊಡುವ ಕಾರಣ ಸರಳ: ಹೋದ ಜೀವವನ್ನು ಯಾವ ನ್ಯಾಯಾಲಯವೂ ತಂದುಕೊಡಲಾರದು, ಹೋದ ಹಣವನ್ನು ತಂದುಕೊಡಬಹುದು. ಅಂದರೆ ನಷ್ಟದ ಗಾತ್ರಕ್ಕಿಂತ, ಅಪಾಯ ಈಗ ಎದುರಿಗಿದೆಯೋ ಅಥವಾ ಆಗಿಹೋಗಿದೆಯೋ ಎಂಬುದು ಮುಖ್ಯ. ನಿಮ್ಮ ಪ್ರಶ್ನೆಗೆ ಹತ್ತಿರವಾದ ಮಾತನ್ನೂ ಅವನು ಸೇರಿಸುತ್ತಾನೆ. ನ್ಯಾಯಾಲಯ ಹೆಸರಿಗೆ ಇದ್ದು ಕಾನೂನನ್ನೇ ತಿರುಚಿ ಹಿಂಸಕರನ್ನು ಕಾಪಾಡುತ್ತಿದ್ದರೆ, ನೊಂದವರ ಪಾಲಿಗೆ ಯುದ್ಧಸ್ಥಿತಿ, ಅಂದರೆ ಬಲಕ್ಕೆ ಬಲದಿಂದಲೇ ಉತ್ತರಿಸಬಹುದಾದ ಸ್ಥಿತಿ, ಮುಗಿದಿಲ್ಲ ಎನ್ನುತ್ತಾನೆ. ಇದು ದೊಡ್ಡ ರಿಯಾಯಿತಿ. ಆದರೂ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾದ ಮನುಷ್ಯ ಸ್ವಪ್ರೇಮದಿಂದಲೂ ಸೇಡಿನಿಂದಲೂ ಮಿತಿ ಮೀರುತ್ತಾನೆ ಎಂಬ ಎಚ್ಚರಿಕೆಯನ್ನು ಕೊಡುವವನೂ ಅವನೇ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು.

ಆದ್ದರಿಂದ ಮಾಡಹೊರಟ ಕೆಲಸದ ಬಗ್ಗೆ ಮೊದಲು ಕೇಳಬೇಕಾದ್ದು, ಅದು ಮುಂದಿನ ಅಪಾಯವನ್ನು ನೋಡುತ್ತಿದೆಯೋ ಹಿಂದಿನ ಅಪರಾಧವನ್ನು ನೋಡುತ್ತಿದೆಯೋ ಎಂದು. ಮುಂದಿನ ಅಪಾಯವನ್ನು ನೋಡುವುದು ರಕ್ಷಣೆ. ಅದಕ್ಕೆ ನಾಲ್ಕು ಮಿತಿಗಳಿವೆ. ಅಪಾಯ ನಿಜವಾಗಿ ಹತ್ತಿರದಲ್ಲಿರಬೇಕು, ಬೇರೆ ನೆರವು ಹೊತ್ತಿಗೆ ಸರಿಯಾಗಿ ಸಿಗುವಂತಿರಬಾರದು, ತಡೆಯಲು ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು, ಅಪಾಯ ನಿಂತ ಕ್ಷಣ ಕೈಯೂ ನಿಲ್ಲಬೇಕು. ಹೆಚ್ಚಿನ ಪ್ರಕರಣಗಳು ದಾರಿ ತಪ್ಪುವುದು ಈ ನಾಲ್ಕನೆಯದರಲ್ಲಿ. ಕಳ್ಳನನ್ನು ಹಿಡಿದು ಕಟ್ಟಿಹಾಕುವವರೆಗೆ ಅದು ರಕ್ಷಣೆ. ಕಟ್ಟಿದ ಮೇಲಿನ ಮೊದಲ ಏಟಿನಿಂದ ಅದು ಶಿಕ್ಷೆ. ನಡುವೆ ಕೆಲವೇ ಕ್ಷಣಗಳಿರಬಹುದು, ಆದರೆ ನೀತಿಯ ದೃಷ್ಟಿಯಲ್ಲಿ ಅವು ಎರಡು ಬೇರೆ ಕೃತ್ಯಗಳು.

ಈ ವಾದಕ್ಕೆ ಅತಿ ಕಠಿಣ ಪರೀಕ್ಷೆ ನಾಗಪುರದ್ದು. 2004ರ ಆಗಸ್ಟ್ 13ರಂದು ಅಕ್ಕು ಯಾದವ್ ಎಂಬ ರೌಡಿಯನ್ನು ಕಸ್ತೂರ್ಬಾ ನಗರದ ಮಹಿಳೆಯರ ದೊಡ್ಡ ಗುಂಪು ನ್ಯಾಯಾಲಯದೊಳಗೇ ಕೊಂದಿತು. ಅತ್ಯಾಚಾರ, ಕೊಲೆ, ಸುಲಿಗೆಯ ಆರೋಪಗಳಿದ್ದ ಆತ ಮತ್ತೆ ಮತ್ತೆ ಜಾಮೀನಿನ ಮೇಲೆ ಹೊರಬಂದಿದ್ದ. ಪೊಲೀಸರು ದೂರು ಕೊಟ್ಟವರ ನೆರವಿಗೆ ಬರುತ್ತಿರಲಿಲ್ಲ, ಅವನ ಪಕ್ಷವನ್ನೇ ವಹಿಸುತ್ತಿದ್ದರು ಎಂಬುದು ಅಲ್ಲಿನವರ ದೂರು. ಈ ಸಲವೂ ಅವನು ಹೊರಬಂದರೆ ಮೊದಲು ಹುಡುಕಿಕೊಂಡು ಬರುವುದು ಯಾರನ್ನು ಎಂಬುದು ಆ ಮಹಿಳೆಯರಿಗೆ ತಿಳಿದಿತ್ತು. ಇದು ಬರೀ ಸೇಡು ಎಂದು ತಳ್ಳಿಹಾಕುವವರು ಆ ಭಯವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಪಾಯ ಮರುಕಳಿಸುವುದು ಖಚಿತ, ನೆರವು ಸಿಗದಿರುವುದು ಅನುಭವಸಿದ್ಧ. ನಾಲ್ಕು ಮಿತಿಗಳಲ್ಲಿ ಎರಡಕ್ಕೆ ಅವರ ಬಳಿ ಗಟ್ಟಿ ಉತ್ತರವಿದೆ.

ಉಳಿದ ಎರಡಕ್ಕೆ ಇಲ್ಲ. ಆ ಹೊತ್ತಿನಲ್ಲಿ ಅವನು ಪೊಲೀಸರ ವಶದಲ್ಲಿದ್ದ. ಇನ್ನೂ ಒಂದು ನಷ್ಟವನ್ನು ಜನ ಗಮನಿಸುವುದು ಕಡಿಮೆ. ಆರೋಪಿ ಸತ್ತರೆ ಅವನ ಮೇಲಿನ ವಿಚಾರಣೆ ನಿಂತುಹೋಗುತ್ತದೆ. ಅವನು ಮಾಡಿದ್ದು ಎಲ್ಲಿಯೂ ತೀರ್ಪಾಗಿ ದಾಖಲಾಗುವುದಿಲ್ಲ, ಅವನನ್ನು ಕಾಪಾಡುತ್ತ ಬಂದವರ ಹೆಸರು ಪಾಟೀಸವಾಲಿನಲ್ಲಿ ಹೊರಬೀಳುವ ಅವಕಾಶವೂ ಅವನ ಜೊತೆಗೇ ಹೋಗುತ್ತದೆ. ಕೊಲೆಯ ಆರೋಪ ಹೊತ್ತವರೆಲ್ಲ 2014ರಲ್ಲಿ ಸಾಕ್ಷ್ಯಾಭಾವದಿಂದ ಖುಲಾಸೆಯಾದರು. ಯಾರು ಯಾರಿಗೆ ಏನು ಮಾಡಿದರು ಎಂದು ಅಧಿಕೃತವಾಗಿ ಹೇಳುವ ಒಂದು ಸಾಲೂ ಕೊನೆಗೆ ಉಳಿಯಲಿಲ್ಲ.

ಇನ್ನು “ಎಲ್ಲರಿಗೂ ಗೊತ್ತು” ಎಂಬ ಮಾತಿನ ವಿಚಾರ. ನನ್ನ ಪ್ರಕಾರ ಈ ಚರ್ಚೆಯಲ್ಲಿ ಅತಿ ಹೆಚ್ಚು ಅನಾಹುತ ಮಾಡಿದ್ದು ಈ ಮಾತೇ. 2013ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, ಇರಾನಿನಿಂದ ಬಂದು ನೆಲೆಸಿದ್ದ ಅಂಗವಿಕಲನೊಬ್ಬ ತನ್ನ ಹೂಗಿಡಗಳನ್ನು ಹಾಳುಮಾಡುತ್ತಿದ್ದವರ ಚಿತ್ರ ತೆಗೆದ. ಪೊಲೀಸರಿಗೆ ಸಾಕ್ಷ್ಯ ಕೊಡುವುದು ಅವನ ಉದ್ದೇಶ. ಮಕ್ಕಳ ಚಿತ್ರ ತೆಗೆಯುವ ಕಾಮುಕ ಎಂದು ನೆರೆಯಲ್ಲಿ ಗುಲ್ಲೆದ್ದಿತು. ಪೊಲೀಸರು ಅವನನ್ನೇ ಬಂಧಿಸಿದಾಗ ನೆರೆದವರು ಚಪ್ಪಾಳೆ ತಟ್ಟಿದರು. ಕ್ಯಾಮೆರಾದಲ್ಲಿ ಆಕ್ಷೇಪಾರ್ಹವಾದದ್ದು ಏನೂ ಸಿಗದೆ ಬಿಡುಗಡೆ ಮಾಡಿದ ಎರಡೇ ದಿನಗಳಲ್ಲಿ ನೆರೆಯವನೊಬ್ಬ ಅವನನ್ನು ಹೊಡೆದು ಕೊಂದು ದೇಹಕ್ಕೆ ಬೆಂಕಿ ಹಚ್ಚಿದ. ಅವನ ಮೊರೆಗಳನ್ನು ಕಡೆಗಣಿಸಿದ್ದಕ್ಕೆ ಒಬ್ಬ ಪೊಲೀಸ್ ಸಿಬ್ಬಂದಿ, ಒಬ್ಬ ಸಹಾಯಕ ಸಿಬ್ಬಂದಿ ನಂತರ ಜೈಲಿಗೆ ಹೋದರು. ಅದೇ 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಶಂಕಿತರನ್ನು ತಾವೇ ಪತ್ತೆ ಮಾಡುತ್ತೇವೆಂದು ಹೊರಟ ಅಂತರ್ಜಾಲದ ಗುಂಪುಗಳು, ಅದಾಗಲೇ ಸತ್ತುಹೋಗಿದ್ದ ಒಬ್ಬ ಕಾಣೆಯಾದ ವಿದ್ಯಾರ್ಥಿಯ ಮೇಲೆ ಆರೋಪ ಹೊರಿಸಿದವು. 2018ರ ಆಗಸ್ಟ್‌ನಲ್ಲಿ ಮೆಕ್ಸಿಕೊದ ಅಕಾಟ್ಲಾನ್‌ನಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಪೊಲೀಸ್ ಠಾಣೆಯ ಮುಂದೆಯೇ ಇಬ್ಬರನ್ನು ಸುಟ್ಟು ಕೊಂದಿತು. ಒಬ್ಬ ಗಂಟೆ ಬಾರಿಸಿ ಜನ ಸೇರಿಸಿದ, ಇನ್ನೊಬ್ಬ ನೇರಪ್ರಸಾರ ಮಾಡಿದ. ಸತ್ತ ಇಬ್ಬರೂ ಯಾವ ಮಗುವನ್ನೂ ಕದ್ದಿರಲಿಲ್ಲ.

ಇಂಥ ತಪ್ಪು ಮೂರ್ಖರಿಂದ ಮಾತ್ರ ಆಗುತ್ತದೆ ಎಂದುಕೊಳ್ಳಬೇಡಿ. ವಕೀಲ, ನ್ಯಾಯಾಧೀಶ, ಜ್ಯೂರಿ, ಮೇಲ್ಮನವಿ ಎಲ್ಲವೂ ಇದ್ದ ಅಮೆರಿಕದಲ್ಲೇ, ಶಿಕ್ಷೆಯಾದ ಮೇಲೆ ಡಿಎನ್ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರು 350ಕ್ಕೂ ಹೆಚ್ಚು. ಅವರಲ್ಲಿ ಸುಮಾರು ಮೂರನೆಯ ಎರಡು ಪಾಲು ಪ್ರಕರಣಗಳಲ್ಲಿ ಪ್ರತ್ಯಕ್ಷಸಾಕ್ಷಿ ತಪ್ಪು ವ್ಯಕ್ತಿಯನ್ನು ಗುರುತಿಸಿದ್ದ. ಸುಳ್ಳು ಹೇಳುವ ಉದ್ದೇಶ ಆ ಸಾಕ್ಷಿಗಳಲ್ಲಿ ಬಹುತೇಕರಿಗೆ ಇರಲಿಲ್ಲ. ಭಯದ ಹೊತ್ತಿನಲ್ಲಿ ಕಂಡ ಮುಖವನ್ನು ನೆನಪು ಆಮೇಲೆ ತಿದ್ದಿಕೊಳ್ಳುತ್ತದೆ. ಅಷ್ಟೆಲ್ಲ ತಡೆಗಳನ್ನು ದಾಟಿಯೂ ತಪ್ಪು ನುಸುಳುವುದಾದರೆ, ಒಂದೂ ತಡೆಯಿಲ್ಲದ ಕಡೆ ಏನಾದೀತು? ಹೀಗಾಗಿ ನಿಮಗೆ ಗೊತ್ತು ಎನಿಸುವುದನ್ನು ಹೀಗೆ ಪರೀಕ್ಷಿಸಿ: ಇದನ್ನು ಕಣ್ಣಾರೆ ಕಂಡವರು ಎಷ್ಟು ಜನ? ಅವರು ಒಬ್ಬರಿಂದೊಬ್ಬರು ಕೇಳಿಕೊಳ್ಳದೆ, ಬೇರೆ ಬೇರೆಯಾಗಿ ಹೇಳಿದರೇ? ನೂರು ಜನರಿಗೆ ಗೊತ್ತಿರುವ ಸಂಗತಿಯ ಮೂಲ ಹುಡುಕುತ್ತ ಹೋದರೆ ಬಹಳ ಸಲ ಸಿಗುವುದು ಒಬ್ಬರೇ.

“ಕಾನೂನು ಸೋತಿತು” ಎಂಬುದನ್ನೂ ಬಿಡಿಸಿ ನೋಡಬೇಕು, ಏಕೆಂದರೆ ಸೋಲು ಎಲ್ಲಿ ಆಯಿತು ಎಂಬುದರ ಮೇಲೆ ದಾರಿ ನಿಲ್ಲುತ್ತದೆ. ದೂರು ದಾಖಲಾಗದಿದ್ದರೆ ಅದು ಒಂದು ಸೋಲು. ಬಹುತೇಕ ದೇಶಗಳಲ್ಲಿ ಇದಕ್ಕೆ ಪೊಲೀಸರ ಮೇಲಧಿಕಾರಿ, ನ್ಯಾಯಾಲಯ, ದೂರು ಪ್ರಾಧಿಕಾರ ಎಂಬ ದಾರಿಗಳಿವೆ, ಅಲ್ಲಿಗೆ ಲಿಖಿತವಾಗಿಯೇ ಹೋಗಿ ಸ್ವೀಕೃತಿ ಪಡೆಯಬೇಕು. ತನಿಖೆ ಬೇಕೆಂದೇ ಸಡಿಲವಾಗಿದ್ದರೆ ಕೇಳಬೇಕಾದ್ದು ತನಿಖಾಧಿಕಾರಿಯ ಬದಲಾವಣೆ. ಸಾಕ್ಷಿಗಳು ಹೆದರಿದ್ದರೆ ಕೇಳಬೇಕಾದ್ದು ರಕ್ಷಣೆ, ಆದಷ್ಟು ಬೇಗ ನ್ಯಾಯಾಧೀಶರ ಎದುರು ಹೇಳಿಕೆ. ವಿಚಾರಣೆ ನಿಧಾನವಾಗಿದ್ದರೆ ಅದು ಅನ್ಯಾಯವೇ, ಆದರೆ ಸೋಲು ಇನ್ನೂ ಪೂರ್ತಿಯಾಗಿಲ್ಲ. ಸಾಕ್ಷ್ಯ ಸಾಲದೆ ಖುಲಾಸೆಯಾದರೆ? ಇದನ್ನು ಹೇಳುವುದು ಕಷ್ಟ, ಕೇಳುವುದು ಇನ್ನೂ ಕಷ್ಟ: ಅದು ಕೆಲವೊಮ್ಮೆ ಸೋಲೇ ಅಲ್ಲ. ಸಾಬೀತಾಗದ್ದನ್ನು ಸಾಬೀತಾಗಿಲ್ಲ ಎನ್ನುವುದಕ್ಕೇ ನ್ಯಾಯಾಲಯ ಇರುವುದು.

ಅವಸರ ಮಾಡಿದರೆ ಸರಿಯಾದ ದಾರಿಯೇ ಮುಚ್ಚಿಕೊಳ್ಳುವ ಅಪಾಯವೂ ಇದೆ. 1993ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಯುವಕನ ಕೊಲೆಯಾಯಿತು. ಪೊಲೀಸ್ ತನಿಖೆ ಕುಂಟಿದಾಗ ಕುಟುಂಬ ಖಾಸಗಿಯಾಗಿ ಮೊಕದ್ದಮೆ ಹೂಡಿತು. 1996ರಲ್ಲಿ ಗುರುತಿನ ಸಾಕ್ಷ್ಯ ನಂಬಲರ್ಹವಲ್ಲ ಎಂದು ಮೂವರು ಖುಲಾಸೆಯಾದರು. ಒಮ್ಮೆ ಖುಲಾಸೆಯಾದವನನ್ನು ಅದೇ ಆರೋಪಕ್ಕೆ ಮತ್ತೆ ವಿಚಾರಿಸುವಂತಿಲ್ಲ ಎಂಬ ಆಗಿನ ನಿಯಮದಿಂದ ಬಾಗಿಲು ಮುಚ್ಚಿತು. ಸ್ಟೀಫನ್‌ನ ತಂದೆತಾಯಿ ಬಿಡಲಿಲ್ಲ. ಪೊಲೀಸ್ ತನಿಖೆಯ ಬಗ್ಗೆಯೇ ಸಾರ್ವಜನಿಕ ವಿಚಾರಣೆ ನಡೆಯಿತು. ಅದರ 1999ರ ಮ್ಯಾಕ್‌ಫರ್ಸನ್ ವರದಿ ಪೊಲೀಸ್ ವ್ಯವಸ್ಥೆಯಲ್ಲೇ ಬೇರೂರಿದ್ದ ಜನಾಂಗಭೇದವನ್ನು ದಾಖಲಿಸಿತು, 2003ರ ಕಾಯ್ದೆ ಗಂಭೀರ ಅಪರಾಧಗಳಲ್ಲಿ ಹೊಸ ಬಲವಾದ ಸಾಕ್ಷ್ಯ ಸಿಕ್ಕರೆ ಮರುವಿಚಾರಣೆಗೆ ಅವಕಾಶ ಕೊಟ್ಟಿತು. 2012ರ ಜನವರಿಯಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಅವರಲ್ಲೊಬ್ಬ 1996ರಲ್ಲಿ ಖುಲಾಸೆಯಾಗಿದ್ದವನು. ಸುಮಾರು ಹತ್ತೊಂಬತ್ತು ವರ್ಷ. ಇಷ್ಟು ಕಾಯಬೇಕಾಗಿ ಬಂದದ್ದು ಘೋರ ಅನ್ಯಾಯ, ಅದನ್ನು ತಾಳ್ಮೆಯ ಪಾಠವೆಂದು ಯಾರೂ ಹೇಳಬಾರದು.

ಗುಂಪಾಗಿ, ಬಹುಕಾಲ ಕಾನೂನಿನ ಜಾಗ ತುಂಬಿದವರ ಕಥೆ ಬೇರೆ. ಅಲ್ಲಿ ಒಳ್ಳೆಯ ಮಾದರಿಗಳೂ ಇವೆ. ಮೆಕ್ಸಿಕೊದ ಚೆರಾನ್ ಪಟ್ಟಣದ ಕಾಡನ್ನು ಶಸ್ತ್ರಧಾರಿ ಮರಗಳ್ಳರು ಕಡಿದು ಸಾಗಿಸುತ್ತಿದ್ದರು, ಅಧಿಕಾರಿಗಳು ಕೈಕಟ್ಟಿ ಕುಳಿತಿದ್ದರು. 2011ರ ಏಪ್ರಿಲ್ 15ರಂದು ಮಹಿಳೆಯರು ಮುಂದಾಗಿ ಮರದ ಲಾರಿಗಳನ್ನು ತಡೆದರು, ಕಳ್ಳರನ್ನು ಹಿಡಿದಿಟ್ಟರೇ ಹೊರತು ಕೊಲ್ಲಲಿಲ್ಲ. ಬೀದಿ ಬೀದಿಯಲ್ಲಿ ರಾತ್ರಿಯಿಡೀ ಬೆಂಕಿ ಹಾಕಿಕೊಂಡು ಕಾವಲು ಕೂತರು. ಅದೇ ವರ್ಷ ಚುನಾವಣಾ ನ್ಯಾಯಮಂಡಳಿಗೆ ಹೋಗಿ ತಮ್ಮ ಸಂಪ್ರದಾಯದಂತೆ ಆಡಳಿತ ಆರಿಸಿಕೊಳ್ಳುವ ಹಕ್ಕು ಗೆದ್ದರು, 2012ರಲ್ಲಿ ಹಿರಿಯರ ಸಭೆ ಅಧಿಕಾರಕ್ಕೆ ಬಂತು. ಪೆರುವಿನ ಚೋಟ ಪ್ರಾಂತ್ಯದಲ್ಲಿ ದನಗಳ್ಳತನ ತಡೆಯಲು 1976ರಲ್ಲಿ ಹುಟ್ಟಿದ ರೈತರ ರಾತ್ರಿ ಕಾವಲು ಪಡೆಗಳು ಕೂಡ ಹೀಗೆಯೇ. ಸಿಕ್ಕವರನ್ನು ಊರ ಸಭೆಯ ಮುಂದೆ ನಿಲ್ಲಿಸುತ್ತಿದ್ದವು, ಎಷ್ಟೋ ಸಲ ಅದೇ ಕಾವಲಿನ ಜೊತೆ ರಾತ್ರಿ ಗಸ್ತು ತಿರುಗಿಸುವುದೇ ಶಿಕ್ಷೆ. ಚಾವಟಿ ಏಟಿನಂಥ ಅತಿರೇಕಗಳೂ ನಡೆದಿವೆ, ಅವನ್ನು ಮುಚ್ಚಿಡಬೇಕಿಲ್ಲ. ಪೆರುವಿನ 1993ರ ಸಂವಿಧಾನ ಈ ಪಡೆಗಳನ್ನು ಗುರುತಿಸಿತು, ಮೂಲಭೂತ ಹಕ್ಕುಗಳನ್ನು ಮೀರಬಾರದು ಎಂಬ ಷರತ್ತಿನೊಂದಿಗೆ.

ಇದರ ಪಕ್ಕಕ್ಕೆ ಕೊಲಂಬಿಯವನ್ನು ಇಡಿ. ಅಪಹರಣಕಾರರನ್ನು ಶಿಕ್ಷಿಸುತ್ತೇವೆಂದು 1981ರಲ್ಲಿ ಎದ್ದ ಪಡೆಗೆ ಹಣ ಬಂದದ್ದು ಮಾದಕವಸ್ತು ದೊರೆಗಳಿಂದ. ಆ ದಶಕದಲ್ಲಿ ಬೆಳೆದ ಸಶಸ್ತ್ರ ಗುಂಪುಗಳು 1997ರಲ್ಲಿ ಒಕ್ಕೂಟವಾಗಿ, ಹಳ್ಳಿ ಹಳ್ಳಿಗಳಲ್ಲಿ ಸಾಮೂಹಿಕ ಕೊಲೆ ನಡೆಸಿ, 2003ರಿಂದ 2006ರ ನಡುವೆ ಶಸ್ತ್ರ ಕೆಳಗಿಟ್ಟವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1856ರ ಜಾಗೃತ ಸಮಿತಿ ಅಪರಾಧ ನಿಲ್ಲಿಸುವ ಹೆಸರಲ್ಲಿ ನಾಲ್ವರನ್ನು ಗಲ್ಲಿಗೇರಿಸಿತು, ನಂತರ ಅದರಿಂದಲೇ ಹುಟ್ಟಿದ ಪಕ್ಷ ನಗರವನ್ನು ವರ್ಷಗಟ್ಟಲೆ ಆಳಿತು. ವ್ಯತ್ಯಾಸ ಎಲ್ಲಿದೆ? ಮುಖ ಮುಚ್ಚಿಕೊಂಡಿದ್ದಾರೋ ತೆರೆದಿದ್ದಾರೋ ನೋಡಿ. ಹಣ ಎಲ್ಲಿಂದ ಬರುತ್ತದೆ ಕೇಳಿ. ತಮ್ಮದೇ ಸದಸ್ಯ ತಪ್ಪು ಮಾಡಿದರೆ ಪ್ರಶ್ನಿಸುವವರು ಇದ್ದಾರೆಯೇ, ಹಿಡಿದವನ ಮಾತು ಕೇಳುತ್ತಾರೆಯೇ, ಸರಿಪಡಿಸಲಾಗದ ಶಿಕ್ಷೆ ಕೊಡುತ್ತಾರೆಯೇ, ಕಾನೂನು ಮರಳಿ ಬಂದರೆ ಅದರೊಳಗೆ ಸೇರಲು ಸಿದ್ಧರಿದ್ದಾರೆಯೇ? ಚೆರಾನ್ ಜನ ತಾವಾಗಿ ನ್ಯಾಯಮಂಡಳಿಯ ಬಾಗಿಲಿಗೆ ಹೋದರು. ನನಗೆ ಅತಿ ಮುಖ್ಯವೆನಿಸುವ ಗುರುತು ಅದೇ.

ಬಯಲಿಗೆಳೆಯುವುದರ ಬಗ್ಗೆ ಅರ್ಜೆಂಟೀನಾ ಕಲಿಸುತ್ತದೆ. ಸೇನಾಡಳಿತದ ಕಾಲದ ಕೊಲೆಗಾರರಿಗೆ 1986, 1987ರ ಕಾನೂನುಗಳೂ ನಂತರದ ಕ್ಷಮಾದಾನಗಳೂ ರಕ್ಷಣೆ ಕೊಟ್ಟವು. ಕಣ್ಮರೆಯಾದವರ ಮಕ್ಕಳು 1990ರ ದಶಕದ ನಡುವಿನಿಂದ ಆ ಅಧಿಕಾರಿಗಳ ಮನೆಗಳ ಮುಂದೆ ಮೆರವಣಿಗೆ ಹೋಗಿ, ಗೋಡೆಗೆ ಕೆಂಪು ಬಣ್ಣ ಎರಚಿ, ಇಲ್ಲಿ ವಾಸಿಸುವವನು ಯಾರು ಎಂದು ನೆರೆಯವರಿಗೆ ತಿಳಿಸಿದರು. ಯಾರನ್ನೂ ಕೊಲ್ಲಲಿಲ್ಲ. 2003ರಲ್ಲಿ ಸಂಸತ್ತು ಆ ಕಾನೂನುಗಳನ್ನು ರದ್ದುಮಾಡಿತು, 2005ರಲ್ಲಿ ಸುಪ್ರೀಂ ಕೋರ್ಟ್ ಅವು ಸಂವಿಧಾನಬಾಹಿರ ಎಂದಿತು, ವಿಚಾರಣೆಗಳು ಮತ್ತೆ ಶುರುವಾದವು. ಇದನ್ನು ನೋಡಿ ಯಾರದೋ ಹೆಸರು, ವಿಳಾಸ, ಫೋಟೊವನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಬಹುದೆಂದು ತಿಳಿಯಬೇಡಿ. ಅಲ್ಲಿ 1984ರ ಸತ್ಯಶೋಧನಾ ಆಯೋಗದ ವರದಿಯೂ 1985ರ ವಿಚಾರಣೆಯೂ ಅಪರಾಧಗಳನ್ನು ಮೊದಲೇ ದಾಖಲಿಸಿದ್ದವು. ತಡೆಯಾಗಿದ್ದದ್ದು ಸಾಕ್ಷ್ಯದ ಕೊರತೆಯಲ್ಲ, ಸರ್ಕಾರದ ಇಚ್ಛೆ. ಸಾಬೀತಾಗದ ಆರೋಪವನ್ನು ವಿಳಾಸದ ಜೊತೆ ಪ್ರಕಟಿಸಿದರೆ, ಹಲ್ಲೆ ಮಾಡುವ ಕೆಲಸವನ್ನು ಅಪರಿಚಿತರಿಗೆ ವಹಿಸಿಕೊಟ್ಟಂತೆ.

ನನ್ನ ವಾದಕ್ಕೆ ಎದುರಾಗಿ ಯಾರಾದರೂ ಆರ್ಮೇನಿಯನ್ ಯುವಕ ಸೊಗೊಮೋನ್ ತೆಹ್ಲಿರಿಯನ್‌ನ ಹೆಸರು ಹೇಳಬಹುದು. ಆರ್ಮೇನಿಯನ್ನರ ಸಾಮೂಹಿಕ ಹತ್ಯೆಗೆ ಹೊಣೆಯಾದ ತಲಾತ್ ಪಾಷಾನಿಗೆ 1919ರಲ್ಲಿ ಒಟ್ಟೊಮನ್ (ಅಂದಿನ ತುರ್ಕಿ) ನ್ಯಾಯಾಲಯವೇ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿತ್ತು, ಅವನು ಬರ್ಲಿನ್ನಿನಲ್ಲಿ ನಿಶ್ಚಿಂತೆಯಿಂದಿದ್ದ. 1921ರ ಮಾರ್ಚ್ 15ರಂದು ತೆಹ್ಲಿರಿಯನ್ ಅವನನ್ನು ಗುಂಡಿಟ್ಟು ಕೊಂದ, ಜೂನ್‌ನಲ್ಲಿ ಖುಲಾಸೆಯಾದ. ತೀರ್ಪು ಆಗಿತ್ತು, ಜಾರಿಗೆ ತರುವವರಿರಲಿಲ್ಲ. ಖಾಸಗಿ ಶಿಕ್ಷೆಯ ಪರವಾಗಿ ಇದಕ್ಕಿಂತ ಬಲವಾದ ಪ್ರಕರಣ ನನಗೆ ತಿಳಿದಿಲ್ಲ, ಇದನ್ನು ಖಂಡಿಸಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಕುಟುಂಬದ ಕೊಲೆಯನ್ನು ಕಣ್ಣಾರೆ ಕಂಡೆನೆಂಬ ಅವನ ಹೇಳಿಕೆ ನಿಜವಲ್ಲ, ಆಗ ಅವನು ಅಲ್ಲಿರಲಿಲ್ಲ, ಹಿಂದೆ ಒಂದು ಸಂಘಟನೆಯೇ ಇತ್ತು ಎಂಬುದು ಆಮೇಲೆ ತಿಳಿಯಿತು. ಅತ್ಯಂತ ಬಲವಾದ ಪ್ರಕರಣದಲ್ಲೂ ನ್ಯಾಯಾಲಯಕ್ಕೆ ಪೂರ್ತಿ ಸತ್ಯ ಸಿಗಲಿಲ್ಲ. ಈ ವಿಚಾರಣೆಯನ್ನು ಗಮನಿಸಿದ ರಫಾಯೆಲ್ ಲೆಮ್ಕಿನ್ ಎಂಬ ಯುವಕ, ಒಬ್ಬನನ್ನು ಕೊಂದವನಿಗೆ ವಿಚಾರಣೆ, ಜನಾಂಗವನ್ನೇ ಕೊಂದವನಿಗೆ ಏಕಿಲ್ಲ ಎಂದು ಕೇಳಿದ. ಅವನ ದಶಕಗಳ ದುಡಿಮೆಯಿಂದ 1948ರಲ್ಲಿ ಜನಾಂಗಹತ್ಯೆ ವಿರುದ್ಧದ ಒಪ್ಪಂದ ಬಂತು.

ಶಿಕ್ಷೆ ಕೊಡದೆ ಏನು ಮಾಡಬಹುದು ಎಂಬುದಕ್ಕೆ ಚಾಡ್ ದೇಶದ ಸುಲೇಮಾನ್ ಗೆಂಗೆಂಗ್ ಉತ್ತರ. ಅಲ್ಲಿನ ಸರ್ವಾಧಿಕಾರಿಯಾಗಿದ್ದ ಹಿಸೆನ್ ಹಾಬ್ರೆಯ ಜೈಲಿನಿಂದ ಜೀವಂತ ಹೊರಬಂದ ಆತ ಸಂಗಾತಿಗಳೊಂದಿಗೆ 792 ಸಂತ್ರಸ್ತರ ಹೇಳಿಕೆಗಳನ್ನು ಬರೆದು ಬಚ್ಚಿಟ್ಟ. ಅವು 2000ದಲ್ಲಿ ಸೆನೆಗಲ್ ನ್ಯಾಯಾಲಯಕ್ಕೆ ಕೊಟ್ಟ ದೂರಿನ ಬೆನ್ನೆಲುಬಾದವು. 2016ರ ಮೇ 30ರಂದು ಹಾಬ್ರೆಗೆ ಜೀವಾವಧಿ ಶಿಕ್ಷೆಯಾಯಿತು.

ನೀವೂ ಸಾಕ್ಷ್ಯ ಕೂಡಿಡುವುದಾದರೆ ಕೆಲವು ವಿವರಗಳನ್ನು ನೆನಪಿಡಿ, ಬಹಳ ಪ್ರಕರಣಗಳು ಬೀಳುವುದು ಇಲ್ಲಿಯೇ. ಕಂಡವರು ಅದೇ ದಿನ, ಒಬ್ಬರನ್ನೊಬ್ಬರು ಕೇಳದೆ, ತಾವು ಕಂಡದ್ದನ್ನಷ್ಟೇ ಬರೆದು ದಿನಾಂಕ ಹಾಕಿ ಸಹಿ ಮಾಡಲಿ. ಒಟ್ಟಿಗೆ ಕೂತು ಬರೆದ ಹೇಳಿಕೆಗಳು ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ. ಒಂದೇ ಫೋಟೊ ತೋರಿಸಿ “ಇವನೇ ಅಲ್ಲವೇ” ಎಂದು ಯಾವ ಸಾಕ್ಷಿಯನ್ನೂ ಕೇಳಬೇಡಿ. ಆಮೇಲೆ ನಡೆಯುವ ಗುರುತು ಪತ್ತೆ ಅಷ್ಟರಿಂದಲೇ ಕೆಡುತ್ತದೆ. ವಿಡಿಯೊ ಇದ್ದರೆ ಮೂಲ ಕಡತವನ್ನು ಕತ್ತರಿಸದೆ, ಅದೇ ಫೋನು ಅಥವಾ ಮೆಮೊರಿ ಕಾರ್ಡಿನಲ್ಲಿ ಉಳಿಸಿ. ಮೆಸೇಜಿಂಗ್ ಆ್ಯಪ್ ಮೂಲಕ ಕಳಿಸಿದರೆ ಕಡತ ಕುಗ್ಗುತ್ತದೆ, ಸಮಯ-ಸ್ಥಳದ ಮಾಹಿತಿ ಅಳಿಯುತ್ತದೆ. ರಕ್ತ ಅಥವಾ ಬೇರೆ ಕಲೆ ಇರುವ ಬಟ್ಟೆ ಒಗೆಯಬೇಡಿ. ಒಣಗಿಸಿ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ. ಲೈಂಗಿಕ ಹಿಂಸೆಯಾಗಿದ್ದರೆ ವೈದ್ಯಕೀಯ ಪರೀಕ್ಷೆ ಸಾಧ್ಯವಾದಷ್ಟು ಬೇಗ, ಸಾಮಾನ್ಯವಾಗಿ 72 ಗಂಟೆಯೊಳಗೆ ಆಗಲಿ. ತಡವಾದರೂ ಗಾಯಗಳ ದಾಖಲೆಗಾಗಿ ಹೋಗಲೇಬೇಕು. ಪ್ರತಿ ವಸ್ತು ಯಾರ ಕೈಯಿಂದ ಯಾರ ಕೈಗೆ, ಎಂದು ಹೋಯಿತೆಂದು ಬರೆದಿಡಿ. ಶಂಕಿತನನ್ನು ಹೆದರಿಸಿ ತಪ್ಪೊಪ್ಪಿಗೆ ಪಡೆಯಬೇಡಿ. ಅದು ಸಾಕ್ಷ್ಯವಾಗುವುದಿಲ್ಲ, ಉಳಿದ ಸಾಕ್ಷ್ಯದ ಮೇಲೂ ಅನುಮಾನ ತರುತ್ತದೆ.

ನಿಮ್ಮ ಕೊನೆಯ ಪ್ರಶ್ನೆ, ಹಾಗೆ ಮಾಡಿದವರನ್ನು ಹೇಗೆ ಕಾಣಬೇಕು ಎಂಬುದು. ಕೃತ್ಯ ಸರಿ ಎನ್ನುವುದು ಬೇರೆ, ಮಾಡಿದವರ ಹೊಣೆ ಹಗುರ ಎನ್ನುವುದು ಬೇರೆ. 1981ರ ಮಾರ್ಚ್ 6ರಂದು ಜರ್ಮನಿಯ ಲ್ಯೂಬೆಕ್ ನ್ಯಾಯಾಲಯದಲ್ಲಿ ಮರಿಯಾನೆ ಬಾಖ್‌ಮಾಯರ್ ತನ್ನ ಏಳು ವರ್ಷದ ಮಗಳ ಕೊಲೆಯ ಆರೋಪಿಯನ್ನು ಗುಂಡಿಟ್ಟು ಕೊಂದಳು. ಅಲ್ಲಿ ಕಾನೂನು ಸೋತೇ ಇರಲಿಲ್ಲ, ವಿಚಾರಣೆ ನಡೆಯುತ್ತಿತ್ತು. 1983ರಲ್ಲಿ ನ್ಯಾಯಾಲಯ ಆಕೆಗೆ ಆರು ವರ್ಷ ವಿಧಿಸಿತು, ಮೂರು ವರ್ಷಕ್ಕೆ ಬಿಡುಗಡೆಯಾಯಿತು. ತಪ್ಪನ್ನು ತಪ್ಪೆಂದು ಬರೆದು ಶಿಕ್ಷೆಯನ್ನು ತಗ್ಗಿಸುವ ಈ ಕ್ರಮ ನನಗೆ ಸರಿಯೆನಿಸುತ್ತದೆ. ಆದರೆ ಕಾನೂನು ನಿಜಕ್ಕೂ ಸೋತಿದ್ದ ಕಡೆ ಅಷ್ಟಕ್ಕೇ ನಿಂತರೆ ಅರ್ಧ ನ್ಯಾಯ. ಗುಂಪುಹತ್ಯೆಗಳು ಹೆಚ್ಚಿದ ದಕ್ಷಿಣ ಆಫ್ರಿಕದ ಖಾಯೆಲಿಟ್ಶಾದಲ್ಲಿ ನಿವಾಸಿಗಳ ಸಂಘಟನೆಗಳು ಪಟ್ಟುಹಿಡಿದು 2012ರಲ್ಲಿ ಪೊಲೀಸರ ಮೇಲೆಯೇ ವಿಚಾರಣಾ ಆಯೋಗ ರಚಿಸುವಂತೆ ಮಾಡಿದವು. 2014ರ ಅದರ ವರದಿ ಪೊಲೀಸರ ಅದಕ್ಷತೆಯನ್ನೂ, ಜನರಿಗೂ ಅವರಿಗೂ ನಡುವೆ ನಂಬಿಕೆ ಮುರಿದದ್ದನ್ನೂ ದಾಖಲಿಸಿತು. ಬಡ ಕಪ್ಪು ಜನರ ಬಡಾವಣೆಗಳಿಗೆ ಪೊಲೀಸರನ್ನು ಕಡಿಮೆ ಹಂಚುತ್ತಿರುವುದು ತಾರತಮ್ಯ ಎಂದು ಅಲ್ಲಿನ ಸಮಾನತಾ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಕೊಂದವರನ್ನು ಕಟಕಟೆಗೆ ತರುವಾಗ, ಅವರ ದೂರನ್ನು ಹಿಂದೆ ಯಾರು ತೆಗೆದುಕೊಳ್ಳಲಿಲ್ಲ ಎಂಬ ವಿಚಾರಣೆಯನ್ನೂ ಜೊತೆಯಲ್ಲೇ ಕೇಳಿ ಪಡೆಯಬೇಕು.